ಮನೆಗೆ ಬಿಸಿನೀರು ಮಾಡ್ಸೋಕೆ ಒಟ್ಟು ಎಷ್ಟಾಗುತ್ತೆ? ಅಂಗಡೀಲಿ ಹೇಳಿದ್ದು 36 ಸಾವಿರ, ಲೆಕ್ಕ ಕೂಡಿದ್ರೆ 63 ಸಾವಿರ

ಕಡೂರ್ ರೋಡ್ ಮನೆ

ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರು ಟೌನಲ್ಲಿ ಕಡೂರು ರೋಡ್ ಕಡೆ ನಮ್ಮನೆ, ಕಟ್ಟಿ 22 ವರ್ಷ ಆಯ್ತು, ಕೆಳಗಡೆ ಒಂದು ಬಾತ್‌ರೂಮು ಮೇಲ್ಗಡೆ ಒಂದು. ಮನೇಲಿ ಆರು ಜನ, ಅಮ್ಮಂಗೆ 74, ಮಕ್ಕಳಿಬ್ರು ಸ್ಕೂಲು. ಇಷ್ಟು ವರ್ಷ ಹಿತ್ಲಲ್ಲಿ ಹಂಡೆ ಒಲೆ ಇತ್ತು, ಹೋದ ವರ್ಷ ಹಿತ್ಲ ಕಡೆ ರೂಮ್ ಎಳೆದಾಗ ಅದನ್ನ ತೆಗ್ಸಿದ್ವಿ, ಆಮೇಲಿಂದ ಗ್ಯಾಸ್ ಸ್ಟೌವ್ ಮೇಲೆ ಪಾತ್ರೆ ಇಟ್ಟು ಕಾಯ್ಸಿ ಹೊತ್ಕೊಂಡು ಹೋಗೋದೇ ಆಗಿದೆ. ಮೊನ್ನೆ ಅಮ್ಮ ಬಿಸಿನೀರಿನ ಪಾತ್ರೆ ಹಿಡ್ಕೊಂಡು ಬಚ್ಚಲ ಹೊಸ್ತಿಲು ದಾಟೋವಾಗ ಕಾಲು ಜಾರ್ತು, ದೇವರ ದಯೆ ನೀರು ಮೈಮೇಲೆ ಬೀಳಲಿಲ್ಲ. ಅವತ್ತೇ ತೀರ್ಮಾನ ಮಾಡ್ದೆ, ಇನ್ನು ಮುಂದಕ್ಕೆ ಹಾಕೋದು ಬೇಡ ಅಂತ.

ಅಂಗಡೀಲಿ ವಿಚಾರಿಸ್ದೆ, 200 ಲೀಟರ್ ಸೋಲಾರ್ ವಾಟರ್ ಹೀಟರು, ಗಾಜಿನ ಟ್ಯೂಬ್ ಇರೋದು, ಫಿಟ್ಟಿಂಗ್ ಸೇರಿ 36,000 ಅಂದ್ರು. ಸರಿ ಅಂತ ಖುಷಿಯಾಗಿ ಪ್ಲಂಬರ್‌ನ ಕರ್ಸಿ ತೋರ್ಸಿದ್ರೆ ಅವ್ರು ಬೇರೆ ಪಟ್ಟಿ ಕೊಟ್ರು. ಟೆರೇಸಿಂದ ಎರಡು ಬಾತ್‌ರೂಮು, ಅಡುಗೆಮನೆಗೆ ಸಿಪಿವಿಸಿ (ಬಿಸಿನೀರು ತಡೆಯೋ ಪ್ಲಾಸ್ಟಿಕ್) ಪೈಪು ಫಿಟ್ಟಿಂಗ್ಸ್ 9,500, ಕೂಲಿ 6,000, ಗೋಡೆ ಕೊರೆದು ಟೈಲ್ಸ್ ಮತ್ತೆ ಕೂರ್ಸೋಕೆ 4,500, ತಣ್ಣೀರಿನ ಟ್ಯಾಂಕ್ ಎತ್ತರ ಸಾಲಲ್ಲ ಅದಕ್ಕೆ ಕಬ್ಬಿಣದ ಸ್ಟ್ಯಾಂಡು 7,000. ಅಂದ್ರೆ ಮೇಲಿನ ಖರ್ಚೇ 27,000. ಹಂಗಾದ್ರೆ ಅಂಗಡಿಯೋರು "ಫಿಟ್ಟಿಂಗ್ ಸೇರಿ" ಅಂದಿದ್ದು ಯಾವುದಕ್ಕೆ? ಅದರ ಮೇಲೆ ನಮ್ಮೂರ ಮಳೆಗಾಲದಲ್ಲಿ ಸೋಲಾರ್ ಕೆಲಸ ಮಾಡುತ್ತೋ ಇಲ್ವೋ ಅನ್ನೋ ಭಯ ಬೇರೆ. ಗೀಸರ್ ಹಾಕ್ಸಿ ಬಿಡ್ಲಾ, ಗ್ಯಾಸ್ ಗೀಸರಾ, ಏನು ಮಾಡ್ಲಿ? ಹಾಕ್ಸಿರೋರು ನಿಮಗೆ ನಿಜವಾಗ್ಲೂ ಎಷ್ಟು ಖರ್ಚಾಯ್ತು ಅಂತ ಹೇಳಿ, ದಯವಿಟ್ಟು.

ಪೈಪ್ ಕೆಲಸ ಹಾಸನ

ಅಣ್ಣಾ ನಾನು ಹಾಸನದಲ್ಲಿ 18 ವರ್ಷದಿಂದ ಪ್ಲಂಬಿಂಗ್ ಮಾಡ್ತಿದೀನಿ. ನಿಮ್ಮ ಪ್ಲಂಬರ್ ಹೇಳಿರೋದು ಜಾಸ್ತಿ ಏನಿಲ್ಲ, ಸರಿಯಾಗೇ ಐತೆ. ಅಂಗಡಿಯೋರ "ಫಿಟ್ಟಿಂಗ್ ಸೇರಿ" ಅಂದ್ರೆ ಸೋಲಾರ್ ತಂದು ಟೆರೇಸಲ್ಲಿ ನಿಲ್ಸಿ, ಟ್ಯೂಬ್ ಸಿಕ್ಸಿ, ಪಕ್ಕದಲ್ಲಿರೋ ತಣ್ಣೀರ್ ಲೈನ್ ಕೊಡೋದು ಅಷ್ಟೆ. ಕೆಲವರು 10 ಅಡಿ ಪೈಪ್ ಕೊಡ್ತಾರೆ. ಟೆರೇಸಿಂದ ಕೆಳಗೆ ನಲ್ಲಿವರೆಗೂ ಬರೋದೆಲ್ಲ ಮನೆಯೋರದೇ. ಇದನ್ನ ಬಿಲ್ ಮಾಡೋಕ್ ಮುಂಚೆ ಬಾಯ್ಬಿಟ್ಟು ಕೇಳ್ಬೇಕು, ಎಲ್ಲಿವರೆಗೆ ನಿಮ್ದು ಎಲ್ಲಿಂದ ನಮ್ದು ಅಂತ. ಬಿಲ್ ಹಿಂದೆ ಬರ್ಸ್ಕೊಳ್ಳಿ.

ಟ್ಯಾಂಕ್ ಸ್ಟ್ಯಾಂಡಲ್ಲಿ ಮಾತ್ರ ಕೈ ಬಿಗಿ ಹಿಡೀಬೇಡಿ. ತಣ್ಣೀರ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಒಂದಡಿನಾದ್ರೂ ಮೇಲಿರ್ಬೇಕು. ಇಲ್ಲಾಂದ್ರೆ ತಣ್ಣೀರ್ ಟ್ಯಾಂಕ್ ಅರ್ಧ ಖಾಲಿ ಆದ ತಕ್ಷಣ ಬಿಸಿನೀರು ಬರೋದು ನಿಂತೋಗ್ತದೆ, ಸೋಲಾರಲ್ಲಿ ನೀರು ಕುದೀತಾ ಇದ್ರೂ ನಲ್ಲೀಲಿ ಗಾಳಿ. ಎಷ್ಟು ಮನೇಲಿ ನೋಡಿದೀನಿ, ಸೋಲಾರ್ ಕೆಟ್ಟಿದೆ ಅಂತ ಕರೀತಾರೆ, ಹೋಗಿ ನೋಡಿದ್ರೆ ಕೆಟ್ಟಿರೋದು ಎತ್ತರ. ಏರ್ ಪೈಪ್ ಅಂತ ಮೇಲೊಂದು ಕೊಂಬು ಬಿಟ್ಟಿರ್ತಾರಲ್ಲ ಅದೂ ತಣ್ಣೀರ್ ಟ್ಯಾಂಕಿನ ತಲೆಗಿಂತ ಮೇಲಿರ್ಬೇಕು, ಗಿಡ್ಡ ಮಾಡಿದ್ರೆ ಟ್ಯಾಂಕ್ ತುಂಬಿದಾಗೆಲ್ಲ ಅದ್ರಿಂದ ನೀರು ಸುರೀತದೆ.

ಆಮೇಲೆ ಪೈಪು. ತಣ್ಣೀರಿಗೆ ಹಾಕೋ ಬಿಳಿ ಪಿವಿಸಿ ಹಾಕಿ ದುಡ್ಡು ಉಳ್ಸ್ತೀನಿ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ, ಬೇಸಿಗೇಲಿ ಸೋಲಾರ್ ನೀರು 70-80 ಡಿಗ್ರಿ ಹೋಗ್ತದೆ, ಪೈಪು ಬಳ್ಳಿ ಥರ ಬಾಗಿ ಜಾಯಿಂಟ್ ಬಿಟ್ಕೊಳ್ತದೆ. ಸಿಪಿವಿಸಿ 93 ಡಿಗ್ರಿವರೆಗೆ ತಡೀತದೆ. ಅದನ್ನೇ ಹಾಕ್ಸಿ.

ಬಿಸ್ಲೆ ಮಳೆ

ನಮ್ಮದು ಸಕಲೇಶಪುರದಿಂದ ಆಚೆ, ಬಿಸ್ಲೆ ಕಡೆ. ನಮ್ಮಲ್ಲಿ ಆರಿದ್ರಾ ಮಳೆ ಹಿಡೀತು ಅಂದ್ರೆ ಆಶ್ಲೇಷ ಮುಗಿಯೋತನಕ ಬಿಸಿಲಿನ ಮುಖ ನೋಡೋದು ಕಷ್ಟ. ಸೋಲಾರ್ ಹಾಕ್ಸಿ 6 ವರ್ಷ ಆಯ್ತು, ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಉಳಿದ ಎಂಟು ತಿಂಗಳು ಚಿನ್ನದಂಗೆ ಕೆಲಸ ಮಾಡುತ್ತೆ. ಡಿಸೆಂಬರ್ ಜನವರೀಲಿ ಮಂಜು ಬಿದ್ರೂ ಹತ್ತು ಗಂಟೆ ಮೇಲೆ ಬಿಸಿಲು ಬರುತ್ತಲ್ಲ, ಅಷ್ಟು ಸಾಕು.

ಮಳೆಗಾಲಕ್ಕೆ ನಮ್ಮನೇಲಿ ಹಂಡೆ ಒಲೆ ಇನ್ನೂ ಇದೆ. ಮರಗಸಿ (ತೋಟದ ನೆರಳು ಮರದ ಕೊಂಬೆ ಕಡಿಯೋದು) ಮಾಡಿದ ಸೌದೆ, ಕಾಫಿ ಗಿಡದ ಕಡ್ಡಿ ತೋಟದಲ್ಲೇ ಸಿಗುತ್ತೆ, ಏಪ್ರಿಲಲ್ಲೇ ಒಡೆದು ಬಚ್ಚಲ ಪಕ್ಕದ ಕೊಟ್ಟಿಗೇಲಿ ಅಟ್ಟಿ ಇಟ್ಕೊಂಡ್ರೆ ದೀಪಾವಳಿವರೆಗೆ ಬರುತ್ತೆ. ತಾತ ಇದ್ದಾಗಲೇ ಅಸ್ತ್ರ ಒಲೆ ನೋಡ್ಕೊಂಡು ಬಂದು ಅದೇ ರೀತಿ ಬಚ್ಚಲ ಒಲೆ ಕಟ್ಸಿದ್ರು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಹಳ್ಳಿ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಕೇಂದ್ರ ಶುರುವಾಯ್ತಲ್ಲ, ಅವ್ರು ಮಾಡಿದ ಒಲೆ ಅದು. ಕೆಳಗೆ ಜಾಲರಿ, ಬೆಂಕಿಗೆ ಗಾಳಿ ಅಳತೆಯಾಗಿ ಹೋಗುತ್ತೆ, ಹೊಗೆ ಚಿಮಣೀಲಿ ಮೇಲೆ. ಅಜ್ಜಿ ಹಳೇ ಒಲೆ ಮುಂದೆ ಊದಿ ಊದಿ ಕಣ್ಣು ಕೆಡ್ಸ್ಕೊಂಡಿದ್ರು, ಇದು ಬಂದ್ಮೇಲೆ ಅಮ್ಮಂಗೆ ಆ ಕಾಟ ಇರಲಿಲ್ಲ.

ನೀವು ಹಂಡೆ ಮಾರಿದ್ರಾ? ತಾಮ್ರದ್ದಾಗಿದ್ರೆ ಮಾರ್ಬೇಡಿ.

ಕಡೂರ್ ರೋಡ್ ಮನೆ

ಇಲ್ಲ ಸರ್ ಮಾರಿಲ್ಲ, ಅಮ್ಮ ಬಿಡ್ತಾರಾ. ನೀರು ತುಂಬೋ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣು ಪಟ್ಟೆ ಬಳಿದು, ಕತ್ತಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ ಪೂಜೆ ಮಾಡೋದು ಅದನ್ನೇ. ಈ ಸಲ ಒಲೆ ಇಲ್ದೆ ಬರೀ ನೆಲದ ಮೇಲಿಟ್ಟು ಪೂಜೆ ಮಾಡಿದ್ರು, ಒಂದ್ಮಾತೂ ಆಡಲಿಲ್ಲ, ನೋಡಿ ನಂಗೆ ಸಂಕಟ ಆಯ್ತು. ಟೌನಲ್ಲಿ ಸೌದೆ ಕೊಂಡು ಉರ್ಸೋದು ಕಷ್ಟ, ಅಕ್ಕಪಕ್ಕದ ಮನೆಗೆ ಹೊಗೆ ಹೋಗುತ್ತೆ. ಅದಕ್ಕೇ ಬೇರೆ ದಾರಿ ಹುಡುಕ್ತಿರೋದು.

ಬಾಡಿಗೆ ಮನೆ

ಇಷ್ಟೆಲ್ಲ ಯಾಕೆ ಸರ್, 700 ರೂಪಾಯಿಗೆ ಒಂದು ಕಾಯಿಲ್ ತಗೊಂಡು ಬಕೆಟಲ್ಲಿ ಇಡಿ. ನಾವು 4 ವರ್ಷದಿಂದ ಅದರಲ್ಲೇ ನಡೆಸ್ತಿದೀವಿ.

ವೈರಿಂಗ್ ಬೇಲೂರು

ಒಂಟಿಯಾಗಿರೋರು ಹುಷಾರಾಗಿ ಇಟ್ಕೊಂಡ್ರೆ ನಡೆಯುತ್ತೆ ತಮ್ಮಾ, ಆದ್ರೆ ಅವ್ರ ಮನೇಲಿ 74 ವರ್ಷದ ತಾಯಿ ಇದಾರೆ, ಮಕ್ಕಳಿದಾರೆ. ನೀರು ಬಿಸಿ ಆಯ್ತಾ ಅಂತ ಬೆರಳಿಟ್ಟು ನೋಡೋ ಅಭ್ಯಾಸ ನಮ್ಮ ಜನಕ್ಕೆ ಹೋಗೋದೇ ಇಲ್ಲ. ಕಾಯಿಲ್ ಒಳಗೆ ಸಣ್ಣ ಬಿರುಕು ಬಿಟ್ಟಿದ್ರೂ ನೀರಿಗೆ ಕರೆಂಟ್ ಬರುತ್ತೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರು ಮುಟ್ಟಬೇಕು. ನೀವೂ ಪ್ಲಾಸ್ಟಿಕ್ ಬಕೆಟ್ಟೇ ಉಪಯೋಗ್ಸಿ, ಸ್ಟೀಲು ಅಲ್ಯೂಮಿನಿಯಂ ಬೇಡವೇ ಬೇಡ.

ಗೀಸರ್ ಹಾಕ್ಸೋರಿಗೆ ನನ್ನದೊಂದು ಮಾತು. ಹಳೇ ಮನೇಲಿ ಬಾತ್‌ರೂಮಿಗೆ ಲೈಟ್ ಪಾಯಿಂಟ್ ಮಾತ್ರ ಎಳೆದಿರ್ತಾರೆ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತೆ, ಅದಕ್ಕೆ ಬೋರ್ಡಿಂದ ಬೇರೆಯೇ ಲೈನು, 2.5 ಸ್ಕ್ವೇರ್ ಎಂಎಂ ಅಥವಾ 4 ಸ್ಕ್ವೇರ್ ಎಂಎಂ ವೈರು, 16 ಆಂಪ್ ಪಾಯಿಂಟು, ಸೆಪರೇಟ್ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್ಚು) ಬೇಕು. ಜೊತೆಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್ಚು) ಇಲ್ದೆ ನಾನು ಗೀಸರ್‌ಗೆ ಕನೆಕ್ಷನ್ ಕೊಡೋದೇ ಇಲ್ಲ, ಕೆಲಸ ಬಿಟ್ಟೋದ್ರೂ ಪರವಾಗಿಲ್ಲ. ಮನೆಯೋರು "ಎರಡು ಸಾವಿರ ಯಾಕೆ ಸುಮ್ನೆ" ಅಂತಾರೆ. ಎಂಸಿಬಿ ಇರೋದು ವೈರ್ ಉಳ್ಸೋಕೆ, ಆರ್‌ಸಿಸಿಬಿ ಇರೋದು ಮನುಷ್ಯನ್ನ ಉಳ್ಸೋಕೆ. ಅರ್ಥಿಂಗ್ ಕೂಡ ಚೆಕ್ ಮಾಡ್ಸಿ, 20 ವರ್ಷದ ಹಿಂದಿನ ಅರ್ಥಿಂಗ್ ಪಿಟ್ ಅಲ್ಲಿ ಈಗ ಏನೂ ಉಳಿದಿರಲ್ಲ, ತಂತಿ ತುಕ್ಕು ಹಿಡಿದು ಹೋಗಿರುತ್ತೆ.

ಇನ್ನೊಂದು, ನಮ್ಮ ಕಡೆ ಹಳ್ಳಿಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಆಗ 2000 ವ್ಯಾಟ್ ಗೀಸರ್ ಕೆಲಸ ಮಾಡೋದು ಸುಮಾರು 1200 ವ್ಯಾಟಿನಷ್ಟೇ. ಗೀಸರ್ ಕೆಟ್ಟಿದೆ ಅಂತ ಅಂಗಡಿಯೋರ ಹತ್ರ ಜಗಳ ಆಡೋಕ್ ಮುಂಚೆ ವೋಲ್ಟೇಜ್ ನೋಡ್ಸಿ. 3 ಲೀಟರ್ ಇನ್‌ಸ್ಟಂಟ್ ಗೀಸರ್ ಅಂತೂ ಅಂಥ ಕಡೆ ಉಗುರುಬೆಚ್ಚಗೂ ಕೊಡಲ್ಲ, 15 ಲೀಟರ್ ಸ್ಟೋರೇಜೇ ಸರಿ.

ಲೆಕ್ಕದ ಮೇಷ್ಟ್ರು

ಹೊಳೆನರಸೀಪುರದಿಂದ. ಎಲ್ರೂ ಹಾಕ್ಸೋ ಖರ್ಚು ಮಾತಾಡ್ತಿದೀರಿ, ದಿನಾ ಉರಿಯೋ ಖರ್ಚೂ ಸೇರ್ಸಿ ನೋಡ್ಬೇಕು ಅಂತ ಕೂತು ಲೆಕ್ಕ ಹಾಕಿದೀನಿ, ನೋಡಿ.

ಒಬ್ಬರ ಸ್ನಾನಕ್ಕೆ ಬೆರೆಸಿದ ನೀರು ಎರಡು ಬಕೆಟ್, 30 ಲೀಟರ್ ಅಂತ ಹಿಡೀರಿ. ಚಳಿಗಾಲದಲ್ಲಿ ತೊಟ್ಟಿ ನೀರು 20 ಡಿಗ್ರಿ, ಸ್ನಾನಕ್ಕೆ 42 ಡಿಗ್ರಿ ಬೇಕು. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಏರ್ಸೋಕೆ 4.18 ಕಿಲೋಜೌಲ್. 30 ಲೀಟರ್ 22 ಡಿಗ್ರಿ ಏರ್ಬೇಕು ಅಂದ್ರೆ 0.77 ಯೂನಿಟ್. ಗೀಸರಲ್ಲಿ ಸುಮ್ನೆ ಆರೋದು, ಪೈಪಲ್ಲಿ ಹೋಗೋದು ಸೇರ್ಸಿ ತಲೆಗೆ ಒಂದು ಯೂನಿಟ್. ಆರು ಜನ ದಿನಾ ಸ್ನಾನ ಮಾಡಿದ್ರೆ ದಿನಕ್ಕೆ 6, ತಿಂಗಳಿಗೆ 180 ಯೂನಿಟ್! ಟ್ಯಾಕ್ಸು ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ ಆರೂವರೆ ಹಿಡಿದ್ರೆ 1,170 ರೂಪಾಯಿ.

ಇಷ್ಟೇ ಆಗಿದ್ರೆ ಪರವಾಗಿರಲಿಲ್ಲ. ಗೃಹಜ್ಯೋತಿ ತಗೋತಿರೋರು ಇಲ್ಲಿ ಎಚ್ಚರ ಇರ್ಬೇಕು. 200 ಯೂನಿಟ್ ಫ್ರೀ ಅಂತ ಎಲ್ರೂ ಬಾಯಲ್ಲಿ ಹೇಳ್ತಾರೆ, ಆದ್ರೆ ನಿಮ್ಮ ಮನೆಗೆ ಸಿಗೋದು 2022-23ರಲ್ಲಿ ನೀವು ಸರಾಸರಿ ಎಷ್ಟು ಬಳಸಿದ್ರೋ ಅದರ ಮೇಲೆ ಸಾಮಾನ್ಯವಾಗಿ ಶೇ. 10 ಮಾತ್ರ. ಆಗ ಒಲೇಲಿ ನೀರು ಕಾಯ್ಸ್ತಿದ್ದೋರ ಸರಾಸರಿ ಕಮ್ಮೀನೇ ಇರುತ್ತೆ. ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಬೇಕು, 200 ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ಕಟ್ಬೇಕು. ಗೀಸರ್ ಹಾಕಿದ ತಿಂಗಳೇ ಸೊನ್ನೆ ಬಿಲ್ ಹೋಗಿ ಸಾವಿರದೈನೂರು ಬಂದ ಮನೆಗಳನ್ನ ನಮ್ಮ ಬೀದೀಲೇ ನೋಡಿದೀನಿ.

ಇವ್ರಿಗೆ ಸೋಲಾರ್ ಎಂಟು ತಿಂಗಳು ನಡೆದ್ರೂ ವರ್ಷಕ್ಕೆ ಎಂಟೊಂಬತ್ತು ಸಾವಿರ ಉಳಿಯುತ್ತೆ. 63 ಸಾವಿರ ಹಾಕಿದ್ರೂ ಏಳೂವರೆ ವರ್ಷಕ್ಕೆ ಅಸಲು ಬಂದಂಗೆ. ಚೆನ್ನಾಗಿ ನೋಡ್ಕೊಂಡ್ರೆ ಸೋಲಾರ್ 15 ವರ್ಷ ಬರುತ್ತೆ.

ಕಡೂರ್ ರೋಡ್ ಮನೆ

ಮೇಷ್ಟ್ರೇ ಕೈ ಮುಗಿದೆ. ಈಗ ಬಿಲ್ ತೆಗೆದು ನೋಡ್ದೆ, ನಮ್ಮ ಸರಾಸರಿ 96 ಯೂನಿಟ್, ಅಂದ್ರೆ ಫ್ರೀ ಸಿಗೋದು 105ರ ಹತ್ರ. ಗೀಸರೊಂದೇ ಹಾಕಿದ್ರೆ 270 ದಾಟ್ತಿತ್ತು. ಇದನ್ನ ಅಂಗಡೀಲಿ ಒಬ್ರೂ ಹೇಳಲಿಲ್ಲ ನೋಡಿ.

ಸಬ್ಸಿಡಿ ಏನಾದ್ರೂ ಇದೆಯಾ? 78 ಸಾವಿರ ಕೊಡ್ತಾರೆ ಅಂತ ಪಕ್ಕದ ಮನೆಯೋರು ಅಂತಿದ್ರು.

ಲೆಕ್ಕದ ಮೇಷ್ಟ್ರು

ಅದು ಬೇರೆ. 2024ರ ಫೆಬ್ರವರೀಲಿ ಬಂದ ಪಿಎಂ ಸೂರ್ಯಘರ್ ಯೋಜನೆ, ಕರೆಂಟ್ ತಯಾರ್ಸೋ ಸೋಲಾರ್ ಪ್ಯಾನೆಲ್‌ಗೆ. 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲಕ್ಕೆ 78 ಸಾವಿರ. ನೀರು ಕಾಯ್ಸೋ ಸೋಲಾರಿಗೆ ಅದು ಬರಲ್ಲ. ವಾಟರ್ ಹೀಟರ್‌ಗೆ ಮೊದ್ಲು ಕೇಂದ್ರ ಸರ್ಕಾರದ ಸಬ್ಸಿಡಿ ಇತ್ತು, 2014ರಲ್ಲಿ ನಿಲ್ಸಿದ್ರು. ಯಾರಾದ್ರೂ ಸಬ್ಸಿಡಿ ಮಾಡ್ಸ್ಕೊಡ್ತೀನಿ ಅಂತ ವಾಟರ್ ಹೀಟರ್‌ಗೆ ಅಡ್ವಾನ್ಸ್ ಕೇಳಿದ್ರೆ ಕೊಡ್ಬೇಡಿ. ಜಿಎಸ್‌ಟಿ ಮಾತ್ರ 2025ರ ಸೆಪ್ಟೆಂಬರ್ 22ರಿಂದ ಶೇ. 12 ಇದ್ದಿದ್ದು 5ಕ್ಕೆ ಇಳಿದಿದೆ, ಬಿಲ್ಲಲ್ಲಿ ಅದನ್ನ ನೋಡಿ ತಗೊಳ್ಳಿ. ಎಲೆಕ್ಟ್ರಿಕ್ ಗೀಸರ್‌ಗೆ 18 ಇದೆ.

ಅರಸೀಕೆರೆ ತೆಂಗು

ನೀರು ಯಾವ್ದು ಅಂತ ಯಾರೂ ಕೇಳ್ಲಿಲ್ವಲ್ಲ ಸ್ವಾಮಿ. ನಮ್ದು ಬೋರ್‌ವೆಲ್, ಗಡಸು ನೀರು, ಪಾತ್ರೆ ತೊಳೆದು ಒಣಗ್ಸಿದ್ರೆ ಬೆಳ್ಳಗೆ ಸುಣ್ಣದ ಕಲೆ. ಪ್ಲೇಟ್ ಸೋಲಾರು, ಅದೇ ತಾಮ್ರದ ಪೈಪಿರೋದು, ಒಳ್ಳೇದು ಬಾಳಿಕೆ ಬರ್ತದೆ ಅಂತ ಜಾಸ್ತಿ ದುಡ್ಡು ಕೊಟ್ಟು 54,000ಕ್ಕೆ ಹಾಕ್ಸಿದ್ವಿ. ಮೂರನೇ ವರ್ಷಕ್ಕೆ ನೀರು ಬಿಸಿ ಆಗೋದು ಕಮ್ಮಿ ಆಯ್ತು, ನಾಲ್ಕನೇ ವರ್ಷಕ್ಕೆ ಪೂರ್ತಿ ನಿಂತೋಯ್ತು. ಬಿಚ್ಚಿ ನೋಡಿದ್ರೆ ಬೆರಳ ಗಾತ್ರದ ತಾಮ್ರದ ಪೈಪ್ ಒಳಗೆ ಸುಣ್ಣ ಕಟ್ಕೊಂಡು ಕಡ್ಡಿ ಹೋಗೋವಷ್ಟು ತೂತು ಉಳಿದಿತ್ತು. ಆಸಿಡ್ ಹಾಕಿ ಕ್ಲೀನ್ ಮಾಡೋಕೆ 3,500 ತಗೊಂಡ್ರು, ಒಂದೂವರೆ ವರ್ಷಕ್ಕೆ ಮತ್ತೆ ಅದೇ ಕತೆ. ಮಾರೋವಾಗ ನಮ್ಮೂರ ನೀರು ಯಾವ್ದು ಅಂತ ಗೊತ್ತಿದ್ದೂ ಹೇಳಲಿಲ್ಲ ಅನ್ನೋದೇ ನಂಗೆ ಇವತ್ತಿಗೂ ಹೊಟ್ಟೆ ಉರಿ.

ಗಡಸು ನೀರಿಗೆ ಟ್ಯೂಬಿನದೇ ಸರಿ. ಟ್ಯೂಬು ದಪ್ಪ ಇರೋದ್ರಿಂದ ಬೇಗ ಕಟ್ಕೊಳಲ್ಲ, ಕೂತ ಸುಣ್ಣನ ವರ್ಷಕ್ಕೊಂದ್ಸಲ ಟ್ಯಾಂಕ್ ಖಾಲಿ ಮಾಡಿ ತೊಳೀಬೌದು. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣ ಕಡೆಯೋರು ಬೋರ್ ನೀರಾದ್ರೆ ಪ್ಲೇಟಿಗೆ ಕೈ ಹಾಕ್ಬೇಡಿ. ಮಲೆನಾಡಲ್ಲಿ ಹಳ್ಳದ ನೀರು, ಬಾವಿ ನೀರು ಮೆದುವಾಗಿರ್ತದೆ, ಅಲ್ಲಿ ಪ್ಲೇಟ್ ಹಾಕಿದ್ರೆ ನಿಜವಾಗ್ಲೂ 20 ವರ್ಷ ಬತ್ತದೆ.

ಬಿಸ್ಲೆ ಮಳೆ

ಟ್ಯೂಬಿನದಕ್ಕೆ ನಮ್ಮಲ್ಲಿ ಕಾಟ ಮಂಗಗಳದ್ದು. ಒಂದ್ಸಲ ಒಂದು ಟ್ಯೂಬ್ ಒಡೆದು ಹಾಕಿದ್ವು, ನಾವು ತೋಟದಲ್ಲಿದ್ವಿ, ಬರೋಷ್ಟ್ರಲ್ಲಿ ಸೋಲಾರ್ ಟ್ಯಾಂಕೂ ಖಾಲಿ, ಅದಕ್ಕೆ ನೀರು ಕೊಡೋ ಸಾವಿರ ಲೀಟರ್ ಟ್ಯಾಂಕೂ ಖಾಲಿ. ಒಂದು ಟ್ಯೂಬ್ ಹೋದ್ರೆ ಇರೋಬರೋ ನೀರೆಲ್ಲ ಅದ್ರಲ್ಲೇ ಹೋಗುತ್ತೆ. ಟ್ಯೂಬ್ ಹಾಕೋ ಕೂಲಿ ಸೇರಿ 900 ತಗೊಂಡ್ರು. ಆಮೇಲೆ ಮೇಲೆ ಅಗಲ ಕಣ್ಣಿನ ತಂತಿ ಜಾಲರಿ ಹೊಂದ್ಸಿದ್ವಿ. ತಣ್ಣೀರು ಒಳಗೆ ಹೋಗೋ ಜಾಗದಲ್ಲಿ ಒಂದು ವಾಲ್ವ್ ಹಾಕ್ಸ್ಕೊಳ್ಳಿ, ಅದೊಂದನ್ನ ತಿರುಗ್ಸಿದ್ರೆ ನೀರು ಉಳಿಯುತ್ತೆ.

ಕೊಪ್ಪದಕ್ಕ

ಗ್ಯಾಸ್ ಗೀಸರ್ ಬಗ್ಗೆ ಕೇಳಿದ್ರಿ, ಅದಕ್ಕೇ ಬರೀತಿದೀನಿ. ಓದಿ, ಮನೇಲಿ ಎಲ್ರಿಗೂ ಹೇಳಿ.

ಮೂರು ವರ್ಷದ ಹಿಂದೆ ನಮ್ಮನೇಲಿ ಹಾಕ್ಸಿದ್ವಿ, 5,800 ಆಯ್ತು ಅಷ್ಟೆ. ಕರೆಂಟ್ ಇರ್ಲಿ ಬಿಡ್ಲಿ ಎರಡು ಸೆಲ್ಲಲ್ಲಿ ಹತ್ಕೊಳುತ್ತೆ, ನಲ್ಲಿ ತಿರುಗ್ಸಿದ ತಕ್ಷಣ ಬಿಸಿನೀರು, ಕಾಯೋ ಕೆಲಸ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಎರಡೆರಡು ದಿನ ಇರಲ್ಲ, ಅದಕ್ಕೆ ಇದೇ ಒಳ್ಳೇದು ಅಂದ್ಕೊಂಡ್ವಿ. ಹಾಕೋಕೆ ಬಂದೋರು ಬಚ್ಚಲ ಒಳಗೇ ಗೋಡೆಗೆ ಹೊಡೆದು ಹೋದ್ರು, ಹೊರಗೆ ಹಾಕಿದ್ರೆ ಪೈಪ್ ಜಾಸ್ತಿ ಬೇಕು ಅಂದ್ರು, ನಮಗೂ ತಿಳೀಲಿಲ್ಲ. ಜುಲೈ ತಿಂಗಳು, ಎರಚಲು ಹೊಡೀತಿದೆ ಅಂತ ಕಿಟಕಿ ಮುಚ್ಚಿತ್ತು. ನನ್ನ ತಂಗಿ ಮಗಳು ರಜಕ್ಕೆ ಬಂದಿದ್ಲು, 16 ವರ್ಷ, ತಲೆಗೆ ಸ್ನಾನ ಮಾಡ್ತೀನಿ ಅಂತ ಹೋದ್ಲು. ಕಾಲು ಗಂಟೆ ಆಯ್ತು, ನೀರು ಬೀಳೋ ಸದ್ದು ಕೇಳ್ತಿದೆ, ಕೂಗಿದ್ರೆ ಉತ್ತರ ಇಲ್ಲ. ಚಿಲಕ ಒದ್ದು ತೆಗೆದ್ವಿ ಮಾರಾಯ್ರೆ, ಮಗು ಗೋಡೆಗೆ ಒರಗಿ ಕೂತಿದೆ, ಕಣ್ಣು ಅರ್ಧ ಮುಚ್ಚಿದೆ, ಮಾತಿಲ್ಲ. ಸೀರೆ ಸುತ್ತಿ ಜಗಲಿಗೆ ಎತ್ಕೊಂಡು ಬಂದು ಗಾಳಿಗೆ ಮಲಗ್ಸಿದ್ವಿ, ಮಳೆ ಹನಿ ಮುಖಕ್ಕೆ ಬೀಳ್ತಿತ್ತು, ಹತ್ತು ನಿಮಿಷಕ್ಕೆ "ಅಮ್ಮಾ ತಲೆ ಸಿಡೀತಿದೆ" ಅಂದ್ಲು. ಆಸ್ಪತ್ರೇಲಿ ಆಕ್ಸಿಜನ್ ಕೊಟ್ಟು ಒಂದು ರಾತ್ರಿ ಇಟ್ಕೊಂಡ್ರು.

ಗ್ಯಾಸ್ ಸೋರಿದ್ದಲ್ಲ, ವಾಸನೇನೇ ಇರಲಿಲ್ಲ. ಮುಚ್ಚಿದ ಜಾಗದಲ್ಲಿ ಉರಿದು ಉರಿದು ಆಮ್ಲಜನಕ ಕಮ್ಮಿ ಆದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತಂತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆಸುತ್ತು ಬಂದಾಗ ಎದ್ದು ಬಾಗಿಲು ತೆಗೆಯೋ ಶಕ್ತೀನೂ ಇರಲ್ಲ ಅಂತ ಡಾಕ್ಟ್ರು ಹೇಳಿದ್ರು.

ಈಗ ಅದೇ ಗೀಸರ್ ಹಿತ್ಲ ಗೋಡೆಗೆ ಹೊರಗಡೆ ಇದೆ, ಮೇಲೊಂದು ತಗಡು, ಸಿಲಿಂಡರೂ ಹೊರಗೆ, ಪೈಪಲ್ಲಿ ನೀರು ಮಾತ್ರ ಒಳಗೆ ಬರುತ್ತೆ. ಪೈಪಿಗೆ 1,400 ಹೆಚ್ಚಾಯ್ತು. ಆ ಸಾವಿರದ ನಾನೂರು ಮೊದ್ಲೇ ಖರ್ಚು ಮಾಡ್ಬೇಕಿತ್ತು.

ಕಡೂರ್ ರೋಡ್ ಮನೆ

ಅಕ್ಕಾ ಓದಿ ಕೈ ನಡುಗ್ತು. ನಮ್ಮ ಕೆಳಗಿನ ಬಾತ್‌ರೂಮಿಗೆ ಇರೋದು ಒಂದಡಿ ವೆಂಟಿಲೇಟರ್. ಗ್ಯಾಸ್ ಗೀಸರ್ ವಿಚಾರ ಕೈಬಿಟ್ಟೆ. ಮಗು ಈಗ ಹೇಗಿದೆ?

ಕೊಪ್ಪದಕ್ಕ

ಚೆನ್ನಾಗಿದಾಳೆ ತಮ್ಮಾ, ಪಿಯುಸಿ ಮುಗ್ಸಿದ್ಲು. ನಮ್ಮನೆಗೆ ಬಂದ್ರೆ ಈಗಲೂ ಬಚ್ಚಲ ಕಿಟಕಿ ತೆಗ್ದೇ ಸ್ನಾನ ಮಾಡೋದು.

ಲೆಕ್ಕದ ಮೇಷ್ಟ್ರು

ಖರ್ಚಿನ ದೃಷ್ಟೀಲೂ ಗ್ಯಾಸಲ್ಲಿ ದೊಡ್ಡ ಉಳಿತಾಯ ಇಲ್ಲ. 100 ಲೀಟರ್ ನೀರನ್ನ 25 ಡಿಗ್ರಿ ಏರ್ಸೋಕೆ ಕರೆಂಟಲ್ಲಿ ಮೂರು ಯೂನಿಟ್ ಹತ್ರ, ಅಂದ್ರೆ 20 ರೂಪಾಯಿ. ಗ್ಯಾಸಲ್ಲಿ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ, 14.2 ಕೆಜಿ ಸಿಲಿಂಡರ್ 870 ಅಂತ ಹಿಡಿದ್ರೆ 17 ರೂಪಾಯಿ. ಮೂರು ರೂಪಾಯಿ ವ್ಯತ್ಯಾಸ.

ಮೂಡಿಗೆರೆ ಹೋಂಸ್ಟೇ

ನಮ್ಮ 5 ರೂಮಿಗೆ ಹೀಟ್ ಪಂಪ್ ಹಾಕಿದೀವಿ. ಗಾಳೀಲಿರೋ ಶಾಖನ ಎಳ್ಕೊಂಡು ನೀರಿಗೆ ಕೊಡುತ್ತೆ, ಫ್ರಿಜ್ಜಿನ ಕೆಲಸ ಉಲ್ಟಾ. ಗೀಸರ್‌ಗೆ 3 ಯೂನಿಟ್ ಬೇಕಾದ ಕಡೆ ಇದಕ್ಕೆ 1 ಚಿಲ್ರೆ. ಮಳೆ ಇದ್ರೂ ನಡೆಯುತ್ತೆ. ಆದ್ರೆ 300 ಲೀಟರ್‌ದಕ್ಕೆ ಪೈಪಿಂಗ್ ಬಿಟ್ಟು 1 ಲಕ್ಷ 35 ಸಾವಿರ ಆಯ್ತು, ರಿಪೇರಿಗೆ ಮಂಗಳೂರಿಂದ ಜನ ಬರ್ಬೇಕು. ಒಂದು ಮನೆಗೆ ಇಷ್ಟು ಬೇಡ ಅನ್ಸುತ್ತೆ, ವ್ಯವಹಾರ ಇರೋರಿಗೆ ಸರಿ.

ಸೋಲಾರ್ ಇಡೋ ಜಾಗಕ್ಕೆ ಒಂದು ಮಾತು ಹೇಳ್ತೀನಿ, ದಕ್ಷಿಣಕ್ಕೆ ಮುಖ ಮಾಡಿ ಇಡ್ತಾರೆ ಸರಿ, ಆದ್ರೆ ಬೇಸಿಗೇಲಿ ನೆರಳು ನೋಡಿ ಜಾಗ ಗುರ್ತು ಮಾಡ್ಬೇಡಿ. ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನಮ್ಮ ಕಡೆ ಟೆರೇಸಿಗಿಂತ 30 ಅಡಿ ಎತ್ತರಕ್ಕೆ ನಿಂತಿರೋ ಸಿಲ್ವರ್ ಓಕಿನ ನೆರಳು ಮಟಮಟ ಮಧ್ಯಾಹ್ನದಲ್ಲೇ 22 ಅಡಿ ಚಾಚುತ್ತೆ. ಬಿಸಿನೀರು ಹೆಚ್ಚು ಬೇಕಾಗೋದೂ ಆ ತಿಂಗಳಲ್ಲೇ.

ಪೈಪ್ ಕೆಲಸ ಹಾಸನ

ಅಣ್ಣಾ ಗೋಡೆ ಕೊರೆಯೋದನ್ನ ತಪ್ಪಿಸ್ಬೌದು. ಹಳೇ ಮನೆಗೆ ನಾನು ಹೊರಗೋಡೆ ಮೇಲೇ ಪೈಪ್ ಇಳಿಸ್ತೀನಿ, ಬಾತ್‌ರೂಮ್ ಎತ್ತರಕ್ಕೆ ಒಂದೇ ತೂತು ಹೊಡೆದು ಒಳಗೆ ತಗೊಳ್ಳೋದು. ಟೈಲ್ಸ್ ಮುಟ್ಟೋ ಹಂಗಿಲ್ಲ. ನೋಡೋಕೆ ಸ್ವಲ್ಪ ಕಾಣ್ತದೆ ಅಷ್ಟೆ, ಸೋರಿದ್ರೆ ಕಣ್ಣಿಗೆ ಬೀಳ್ತದೆ ಅನ್ನೋದು ಲಾಭ. ಪೈಪಿಗೆ ಕಪ್ಪು ಫೋಮ್ ಸುತ್ತಿಸ್ಲೇಬೇಕು.

ಮತ್ತೆ ಸೋಲಾರ್ ಟೆರೇಸಲ್ಲಿ ಎಲ್ಲಿ ಜಾಗ ಇದೆ ಅಂತ ನೋಡ್ಬೇಡಿ, ಬಾತ್‌ರೂಮ್ ಎಲ್ಲೈತೆ ಅಂತ ನೋಡಿ ಅದರ ತಲೆ ಮೇಲೆ ಇಡ್ಸಿ. ಮುಕ್ಕಾಲಿಂಚು ಪೈಪು 50 ಅಡಿ ಇದ್ರೆ ಅದ್ರಲ್ಲೇ ಸುಮಾರು 4 ಲೀಟರ್ ತಣ್ಣೀರು ನಿಂತಿರ್ತದೆ. ಪೈಪು ಕಾದು ಕೈಗೆ ಬಿಸಿ ತಟ್ಟೋಷ್ಟ್ರಲ್ಲಿ ಅರ್ಧ ಬಕೆಟ್ ಚರಂಡಿ ಪಾಲು. ಆರು ಜನ ಬೇರೆ ಬೇರೆ ಹೊತ್ತಿಗೆ ಸ್ನಾನಕ್ಕೆ ಹೋದ್ರೆ ದಿನಕ್ಕೆ ಎಷ್ಟಾಯ್ತು ನೋಡಿ.

ಕಡೂರ್ ರೋಡ್ ಮನೆ

ಎಲ್ರಿಗೂ ಧನ್ಯವಾದ. ಆರು ವಾರ ಆಯ್ತು, ಕೆಲಸ ಮುಗೀತು. ನನ್ನಂಗೆ ಹುಡುಕ್ಕೊಂಡು ಬರೋರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಲೆಕ್ಕ ಹಾಕ್ತಿದೀನಿ.

ಸೋಲಾರ್ 200 ಲೀಟರ್ ಟ್ಯೂಬಿಂದೇ ತಗೊಂಡ್ವಿ, ಮನೆಗೆ ನಗರಸಭೆ ನೀರಿನ ಜೊತೆ ಬೋರ್ ನೀರೂ ಸೇರುತ್ತೆ ಅಂತ. ಚೌಕಾಸಿ ಮಾಡಿ 34,500. ಸ್ಟ್ಯಾಂಡ್ ವೆಲ್ಡಿಂಗ್ ಅಂಗಡೀಲಿ ಮಾಡ್ಸಿದ್ದು 6,500. ಪೈಪು, ಫೋಮು, ವಾಲ್ವು 7,800, ಕೂಲಿ 5,000, ಹೊರಗೋಡೆ ಮೇಲೇ ಇಳಿಸಿದ್ರಿಂದ ಟೈಲ್ಸ್ ಖರ್ಚು ಬರಲಿಲ್ಲ. ಸೋಲಾರ್ ಟ್ಯಾಂಕಲ್ಲಿ ಕರೆಂಟ್ ಕಾಯಿಲ್ ಹಾಕ್ಸೋ ಬದ್ಲು ಕೆಳಗಡೆ ಅಮ್ಮನ ಬಾತ್‌ರೂಮಿಗೆ ಒಂದು 15 ಲೀಟರ್ ಗೀಸರ್ 8,200ಕ್ಕೆ ಹಾಕ್ಸ್ದೆ. ಯಾಕಂದ್ರೆ ಮಳೇಲಿ ಒಬ್ರಿಗೆ ನೀರು ಬೇಕಾದ್ರೂ ಮೇಲಿನ 200 ಲೀಟರ್ ಪೂರ್ತಿ ಕಾಯ್ಸ್ಬೇಕಾಗುತ್ತೆ, ಇದಾದ್ರೆ ಹದಿನೈದೇ ಲೀಟರ್. ಬೇರೆ ಲೈನು, ಎಂಸಿಬಿ, ಆರ್‌ಸಿಸಿಬಿ ಸೇರಿ 3,400. ಬೇಲೂರಣ್ಣ ಹೇಳಿದ್ರಲ್ಲ, ಅರ್ಥಿಂಗ್ ಚೆಕ್ ಮಾಡ್ಸಿದ್ವಿ, ನಮ್ಮದು ಅದೃಷ್ಟಕ್ಕೆ ಚೆನ್ನಾಗೇ ಇತ್ತು. ಒಟ್ಟು 65,400.

ಮೊದಲು ಹೆದರಿದ್ದಕ್ಕಿಂತ ಎರಡು ಸಾವಿರ ಜಾಸ್ತೀನೇ, ಆದ್ರೆ ಅದ್ರಲ್ಲಿ ಗೀಸರೂ ಬಂತು, ಯಾವ ರೂಪಾಯಿ ಎಲ್ಲಿಗೆ ಹೋಯ್ತು ಅಂತಾನೂ ಗೊತ್ತು. ಪೈಪ್ ಕೆಲಸದಣ್ಣ ಹೇಳಿದಂಗೆ ಅಂಗಡೀಲಿ ಬಿಲ್ ಹಿಂದೆ ಬರ್ಸ್ಕೊಂಡೆ, 10 ಅಡಿ ಪೈಪು, ಒಂದು ವರ್ಷ ಟ್ಯೂಬ್ ಒಡೆದ್ರೆ ಕೂಲಿ ಇಲ್ದೆ ಹಾಕ್ಕೊಡೋದು. ಕೇಳಿದ್ದಕ್ಕೆ ಬರ್ಕೊಟ್ರು.

ಮೊದಲನೇ ದಿನ ಬೆಳಗ್ಗೆ ಆರು ಗಂಟೇಲಿ ಅಮ್ಮ ನಲ್ಲಿ ಕೆಳಗೆ ಕೈ ಹಿಡ್ಕೊಂಡು ನಿಂತಿದ್ರು, ಹೊಗೆ ಏಳೋ ನೀರು ಬಂತು. "ರಾತ್ರಿ ಎಲ್ಲ ಬೆಂಕಿ ಇಲ್ದೆ ಹೆಂಗೋ ಬಿಸಿ ಇದ್ದಿದ್ದು" ಅಂದ್ರು. ಹಂಡೆನ ಬಚ್ಚಲಲ್ಲೇ ಒಂದು ಕಟ್ಟೆ ಕಟ್ಟಿ ಕೂರ್ಸಿದೀವಿ, ನಲ್ಲೀಲಿ ಬಿಸಿನೀರು ಅದಕ್ಕೆ ತುಂಬ್ಕೊಂಡು ತಂಬಿಗೇಲಿ ಮೊಗೆದು ಸ್ನಾನ ಮಾಡ್ತಾರೆ.

ಈಗ ಒಂದು ಸಂದೇಹ. ಏಪ್ರಿಲಲ್ಲಿ ಹತ್ತು ದಿನ ಊರಲ್ಲಿ ಇರಲ್ಲ, ಸೋಲಾರ್ ಹಂಗೇ ಬಿಟ್ಟೋದ್ರೆ ಏನಾದ್ರೂ ಆಗುತ್ತಾ?

ಪೈಪ್ ಕೆಲಸ ಹಾಸನ

ಟ್ಯೂಬ್ ಮೇಲೆ ಹಳೇ ಬೆಡ್‌ಶೀಟೋ ಗೋಣಿಚೀಲನೋ ಬಿಗಿಯಾಗಿ ಕಟ್ಟಿ ಹೋಗಿ ಅಣ್ಣಾ, ನೀರು ಕುದಿಯಲ್ಲ. ತಣ್ಣೀರ್ ಟ್ಯಾಂಕ್ ತುಂಬಿರ್ಲಿ. ಒಂದ್ವೇಳೆ ಬಂದಾಗ ಸೋಲಾರ್ ಖಾಲಿ ಆಗಿದ್ರೆ ಬಿಸಿಲು ಹೊತ್ತಲ್ಲಿ ಮಾತ್ರ ನೀರು ಬಿಡ್ಬೇಡಿ, ಕಾದು ಕೂತಿರೋ ಗಾಜಿಗೆ ತಣ್ಣೀರು ತಾಕಿದ್ರೆ ಸಾಲಾಗಿ ಒಡೆದೋಗ್ತವೆ. ಬೆಳಗ್ಗೆ ಆರು ಗಂಟೆ ಒಳಗೆ ತುಂಬ್ಸಿ.

ಕಡೂರ್ ರೋಡ್ ಮನೆ

ಸರಿ ಅಣ್ಣಾ. ಗೋಣಿಚೀಲ ಮನೇಲೇ ಇವೆ, ಕಾಫಿ ಬೀಜದವು, ಅವನ್ನೇ ಹೊಲಿದು ಕಟ್ತೀನಿ.